ಪಾಯಿಂಟ್ ನಾಲ್ಕು ಪೌಂಡ್ ಗಾಳಿ

ಹೋದ ತಿಂಗಳು ಒಂಬತ್ತನೆಯ ತರಗತಿಯಲ್ಲಿ ಹಾಜರಿ ಹಾಕಬೇಕೆಂದು ಚೀಲಕ್ಕೆ ಕೈಹಾಕಿ ಪೆನ್ನು ತೆಗೆದೆ. ಬರೆದರೆ ಮೂಡಲಿಲ್ಲ. ಜಾಡಿಸಿದೆ, ಅಂಗೈ ಮೇಲೆ ಗೀಚಿದೆ, ಬಾಯಿಯ ಹತ್ತಿರ ಹಿಡಿದು ಹಾ ಎಂದು ಬಿಸಿಯುಸಿರು ಬಿಟ್ಟೆ. ಮಕ್ಕಳು ಬಹಳ ಹೊತ್ತು ತಡೆದುಕೊಂಡರು. ಕೊನೆಗೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಟೀಚರ್, ಅದು ಪೆನ್ ಅಲ್ಲ ಅನಸ್ತದರಿ. ಅದರ ಹಿಂದಿಂದ ಸ್ಕೇಲ್ ಹೊರಗ ಬರ್ಲಿಕತ್ತದ,” ಎಂದಳು.

ನೋಡಿದರೆ ಹೌದು. ಅದು ನಮ್ಮ ಅಪ್ಪನ ಗಾಳಿ ಅಳೆಯುವ ಕಡ್ಡಿ. ನೀವೂ ನೋಡಿರುತ್ತೀರಿ: ಪೆನ್ನಿನಂತೆಯೇ ಜೇಬಿಗೆ ಸಿಕ್ಕಿಸಿಕೊಳ್ಳುವ ಕೊಕ್ಕೆ ಇರುತ್ತದೆ, ತುದಿಯನ್ನು ಟೈರಿನ ವಾಲ್ವಿಗೆ ಒತ್ತಿದರೆ ಹಿಂದಿನಿಂದ ಒಂದು ಪುಟ್ಟ ಅಳತೆಪಟ್ಟಿ ಚಟ್ಟನೆ ಹೊರಗೆ ಬರುತ್ತದೆ. ಎಷ್ಟು ಹೊರಗೆ ಬಂತೋ ಅಷ್ಟು ಪೌಂಡ್ ಗಾಳಿ. ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಕುಂಕುಮದ ಪೊಟ್ಟಣ, ಮಾತ್ರೆಯ ಪಟ್ಟಿ, ಯಾವುದೋ ಮದುವೆಯಲ್ಲಿ ಕೊಟ್ಟ ಸುಪಾರಿ ಇವುಗಳ ನಡುವೆ ಬಿದ್ದಿರಬೇಕಾದದ್ದು ನನ್ನ ಚೀಲಕ್ಕೆ ಹೇಗೆ ಬಂತೋ ಕಾಣೆ. ವಿಜ್ಞಾನ ಕಲಿಸುವ ಟೀಚರು ಟೈರಿನ ಗೇಜಿನಿಂದ ಹಾಜರಿ ಹಾಕಲು ಹೊರಟ ಸುದ್ದಿ ಮಧ್ಯಾಹ್ನದ ಊಟದ ಹೊತ್ತಿಗೆ ಚಿತ್ತಾಪುರದ ನಮ್ಮ ಶಾಲೆಯ ಅಡುಗೆ ಕೋಣೆಯವರೆಗೂ ಮುಟ್ಟಿತ್ತು.

ನಗುವವರು ನಗಲಿ. ನಾನು ಮಾತ್ರ ಅವತ್ತು ಸೇಡಂಗೆ ಮರಳುವ ದಾರಿಯುದ್ದಕ್ಕೂ ಆ ಕಡ್ಡಿಯನ್ನು ಪಕ್ಕದ ಖಾಲಿ ಸೀಟಿನ ಮೇಲಿಟ್ಟುಕೊಂಡು ಕಾರು ನಡೆಸಿದೆ. ಆ ಸೀಟು ಖಾಲಿಯಾಗಿ ಎರಡು ಮಳೆಗಾಲ ಕಳೆದಿದ್ದವು. ಯಾಕೆ ಖಾಲಿ ಎನ್ನುವುದನ್ನು ಹೇಳಬೇಕಾದರೆ ಸ್ವಲ್ಪ ಲೆಕ್ಕ ಹೇಳಬೇಕಾಗುತ್ತದೆ.

ಕಲಿಸುವ ಚಾಳಿ ಬಿಡುವುದಿಲ್ಲ, ಒಂದು ನಿಮಿಷ ತಡೆದುಕೊಳ್ಳಿ. ಹಳೆಯ ಯಂತ್ರಗಳು ಒತ್ತಡವನ್ನು ಪೌಂಡಿನಲ್ಲಿ ತೋರಿಸುತ್ತವೆ, ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಭಾರ ಬಿತ್ತು ಎಂದು. ಆಮೇಲೆ ಬಂದವು ಕಿಲೋದಲ್ಲಿ ತೋರಿಸುತ್ತವೆ, ಒಂದು ಚದರ ಸೆಂಟಿಮೀಟರಿನ ಮೇಲೆ ಎಷ್ಟು ಕಿಲೋ ಎಂದು. ಕಿಲೋವನ್ನು ಹದಿನಾಲ್ಕು ಪಾಯಿಂಟ್ ಎರಡರಿಂದ ಗುಣಿಸಿದರೆ ಪೌಂಡ್ ಬರುತ್ತದೆ. ಪಾಠ ಮುಗಿಯಿತು. ನನ್ನ ತವರುಮನೆ ಮತ್ತು ಗಂಡನ ಮನೆ ವರ್ಷಗಟ್ಟಲೆ ಜಗಳಾಡಿದ್ದು ಈ ಸಂಖ್ಯೆಯ ಬಾಲದಲ್ಲಿರುವ ಪಾಯಿಂಟ್ ಎರಡರ ಸಲುವಾಗಿ.

ನನ್ನ ತವರು ಶಹಾಬಾದ. ಅಪ್ಪ ಅಲ್ಲಿನ ಒಂದು ಕಾರ್ಖಾನೆಯ ಬಾಯ್ಲರ್ ಹೌಸಿನಲ್ಲಿ ಇದ್ದರು. ಚಿಕ್ಕವಳಿದ್ದಾಗ ಒಮ್ಮೆ ಅವರ ಊಟದ ಡಬ್ಬಿ ಕೊಡಲು ಹೋಗಿ ಒಳಗೆ ನೋಡಿದ್ದೆ. ಗೋಡೆಯ ಮೇಲೆ ಊಟದ ತಟ್ಟೆಯಷ್ಟು ದೊಡ್ಡ ಗಡಿಯಾರ, ಅದರಲ್ಲಿ ಒಂದೇ ಮುಳ್ಳು. ಆ ಮುಳ್ಳು ನನ್ನ ಕಿರುಬೆರಳಿನಷ್ಟು ದಪ್ಪವಿತ್ತು ಮತ್ತು ಸದಾ ನಡುಗುತ್ತಿತ್ತು. “ಅಪ್ಪಾ, ಅದು ಎಷ್ಟು ತೋರಸ್ಲಿಕತ್ತದ?” ಎಂದರೆ, “ನೂರಾ ಐವತ್ತು ಪೌಂಡ್,” ಎಂದರು. “ನೂರಾ ನಲವತ್ತೆಂಟು ಕಾಣಸ್ತದ,” ಎಂದೆ. “ಮುಳ್ಳಿನ ದಪ್ಪದಾಗ ನಾಕೈದು ಪೌಂಡ್ ಹೋಗ್ತಾವ ಬಾಳಾ. ಅದನ್ನ ಲೆಕ್ಕಕ್ಕ ಹಿಡೀಬಾರದು,” ಎಂದು ತಲೆ ಸವರಿದರು; ಬಾಳಾ ಎಂದರೆ ಅವರ ಬಾಯಲ್ಲಿ ಮಗು. ಅಪ್ಪನ ಜೀವನವೇ ಹಾಗಿತ್ತು. ಸಣ್ಣಪುಟ್ಟದ್ದನ್ನು ಅವರು ಮುಳ್ಳಿನ ದಪ್ಪಕ್ಕೆ ಹಾಕಿಬಿಡುತ್ತಿದ್ದರು. ನೆಂಟರು ಅಂದದ್ದು, ಆಡಿದ್ದು, ನನ್ನ ಗಣಿತದ ಅಂಕಗಳು, ಎಲ್ಲ.

ಮನೆಯಲ್ಲಿಯೂ ಅವರು ಪೌಂಡಿನಲ್ಲೇ ಮಾತಾಡುತ್ತಿದ್ದರು. ಸೈಕಲ್ಲಿನ ಗಾಲಿಯನ್ನು ಹೆಬ್ಬೆರಳಿನಿಂದ ಅದುಮಿ ಇಷ್ಟು ಪೌಂಡ್ ಎನ್ನುವರು. ಎಣ್ಣೆಯಲ್ಲಿ ಪುರಿ ಉಬ್ಬಿ ಬಂದರೆ ಅದಕ್ಕೂ ಒಂದು ಅಂದಾಜು. ಬೇಸಿಗೆಯಲ್ಲಿ ನಾವು ಮಕ್ಕಳು ಹೊರಗಿನ ಬಿಸಿಲಿಗೆ ಹೆದರಿ, ನಡುಮನೆಯ ಪರ್ಸಿ ಹಾಸುಗಲ್ಲಿಗೆ ನೀರು ಹೊಡೆದು ಅದರ ಮೇಲೆ ಹೊಟ್ಟೆ ಹಚ್ಚಿ ಮಲಗುತ್ತಿದ್ದೆವು. ಶಹಾಬಾದದಲ್ಲಿ ನೆಲ ಪರ್ಸಿ, ಅಟ್ಟ ಪರ್ಸಿ, ಬಟ್ಟೆ ಒಗೆಯುವುದು ಪರ್ಸಿ, ಮನೆಯ ಮೂಲೆಯ ಉಪ್ಪಿನ ಡಬ್ಬಿಯ ಮುಚ್ಚಳವೂ ಒಂದು ಪರ್ಸಿಯ ಚೂರು. ನಾವು ಹಾಗೆ ಬಿದ್ದುಕೊಂಡಿರುವಾಗ ಅಪ್ಪ ಅಡುಗೆಮನೆಯ ಕಡೆ ಒಮ್ಮೆ ಇಣುಕಿ ಬಂದು ಪಿಸುಮಾತಿನಲ್ಲಿ, “ಇವತ್ತ ನಿಮ್ಮವ್ವ ನೂರಿಪ್ಪತ್ತು ಪೌಂಡಿನ ಮ್ಯಾಲ ಅದಾಳ. ಬಿಸಲಿದ್ರೂ ಅಡ್ಡಿ ಇಲ್ಲ, ಹೊರಗ ಆಡ್ರಿ,” ಎನ್ನುವರು. ನಾವು ಚಪ್ಪಲಿ ಹುಡುಕುವ ಮೊದಲೇ ಅವರು ಹೊರಗಿರುತ್ತಿದ್ದರು.

ಇನ್ನು ನನ್ನ ಮಾವನವರು. ಅವರದು ವಾಡಿ, ರೈಲ್ವೆ ನೌಕರಿ. ಹೊರಡುವ ಗಾಡಿಗಳ ಬ್ರೇಕು ಪರೀಕ್ಷೆ ಮಾಡುವುದು ಅವರ ಕೆಲಸ. ಎಂಜಿನ್ನಿನ ಹತ್ತಿರ ಐದು ಕಿಲೋ ಗಾಳಿ ಇದ್ದರೆ ಅದು ಕೊಳವೆಯಲ್ಲಿ ಇಡೀ ಗಾಡಿ ದಾಟಿ ಗಾರ್ಡಿನ ಡಬ್ಬಿಗೆ ಬರುವಷ್ಟರಲ್ಲಿ ಒಂದಿಷ್ಟು ಕಡಿಮೆಯಾಗುತ್ತದೆ. ಆ ಒಂದಿಷ್ಟು ಎಷ್ಟು ಎಂದು ನೋಡುವುದಕ್ಕೇ ಅವರಿಗೆ ಸಂಬಳ. ಪಾಯಿಂಟ್ ಎರಡು ಸರಿ, ಪಾಯಿಂಟ್ ಐದು ಆಯಿತೋ ಗಾಡಿ ಬಿಡುವಂತಿಲ್ಲ, ಎಲ್ಲಿ ಸೋರುತ್ತಿದೆ ಎಂದು ಡಬ್ಬಿ ಡಬ್ಬಿ ಬಗ್ಗಿ ನೋಡಬೇಕು. ಹೀಗೆ ನಲವತ್ತು ವರ್ಷ ಬಗ್ಗಿದ ಮನುಷ್ಯ ಪಾಯಿಂಟಿನ ಆಚೆ ಇರುವ ಅಂಕಿಯನ್ನು ಬಿಟ್ಟಾರೆಯೇ? ಮನೆಯಲ್ಲಿ ಹಾಲಿನವನು ಪಾತ್ರೆ ಬಗ್ಗಿಸುವಾಗಲೂ ಅವರು ಕಣ್ಣನ್ನು ಪಾತ್ರೆಯ ಮಟ್ಟಕ್ಕೆ ತಂದು ನಿಲ್ಲುತ್ತಿದ್ದರು. ಹಾಲಿನವನು ಬೆವರುತ್ತಿದ್ದ.

ಈ ಇಬ್ಬರು ಮೊದಲ ಸಲ ಎದುರಾದದ್ದು ನನ್ನನ್ನು ನೋಡಲು ಬಂದ ದಿನ. ವಾಡಿಯಿಂದ ಶಹಾಬಾದಕ್ಕೆ ರೈಲಿನಲ್ಲಿ ಎಷ್ಟು ಹೊತ್ತು? ಚಹಾ ತಣ್ಣಗಾಗುವುದರೊಳಗೆ ಬಂದುಬಿಡಬಹುದು. ಅವರು ಬಂದರು, ಕೈಕಾಲು ತೊಳೆದರು, ಅವಲಕ್ಕಿ ತಿಂದರು. ಜಾತಕ ಮೊದಲೇ ಕೂಡಿತ್ತು. ಹುಡುಗಿಗೆ ದೇವರನಾಮ ಬರುತ್ತದೆಯೇ ಎಂದು ಅತ್ತೆ ಕೇಳಬೇಕು, ನಾನು ಹಾಡಬೇಕು, ಅದು ರೂಢಿ. ನಾನು ಗಂಟಲು ಸರಿಮಾಡಿಕೊಂಡು ಕೂತಿದ್ದೆ. ಅಷ್ಟರಲ್ಲಿ ಅಪ್ಪ ತಮ್ಮ ಬಾಯ್ಲರಿನ ಸುದ್ದಿ ತೆಗೆದು, ನೂರಾ ಐವತ್ತು ಪೌಂಡ್ ಎಂದರು.

“ಕಿಲೋದಾಗ ಹೇಳ್ರಿ. ನಮಗ ಪೌಂಡ್ ತಿಳಿಯೂದಿಲ್ಲ,” ಎಂದರು ಮಾವನವರು.

“ನಮಗ ಕಿಲೋ ಹೇಳಿ ಗೊತ್ತಿಲ್ರಿ,” ಎಂದರು ಅಪ್ಪ.

ಮಾವನವರು ನನ್ನ ಕಡೆ ತಿರುಗಿದರು. “ಹುಡುಗಿ ಫಿಜಿಕ್ಸ್ ಓದ್ಯಾಳಂತಲ್ಲ. ಹೇಳವಾ, ಐದು ಕಿಲೋ ಅಂದ್ರ ಎಷ್ಟು ಪೌಂಡ್?”

ನಾನು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರಕ್ಕೆ ಒಳ್ಳೆಯ ಅಂಕ ತೆಗೆದವಳು. ತಲೆಯೆತ್ತಿ, ದೇವರನಾಮಕ್ಕೆಂದು ಸರಿಮಾಡಿಕೊಂಡ ಅದೇ ಇಂಪಾದ ದನಿಯಲ್ಲಿ, “ಹನ್ನೊಂದು,” ಎಂದೆ.

ಅಪ್ಪ ಅಟ್ಟದ ಪರ್ಸಿ ನೋಡತೊಡಗಿದರು. ನಾನು ಹೇಳಿದ್ದು ಕಿರಾಣಿ ಅಂಗಡಿಯ ಲೆಕ್ಕ. ತೂಕದಲ್ಲಾದರೆ ಐದು ಕಿಲೋ ಎಂದರೆ ಹನ್ನೊಂದು ಪೌಂಡ್, ಖರೆ. ಆದರೆ ಅಲ್ಲಿ ಮಾತು ನಡೆದಿದ್ದದ್ದು ಒತ್ತಡದ್ದು.

“ಸಕ್ರಿ ಅಲ್ಲವಾ, ಗಾಳಿ!” ಎಂದು ಮಾವನವರು ನಕ್ಕ ನಗುವಿಗೆ ಬಟ್ಟಲಿನ ಚಹಾ ಧೋತ್ರದ ಮೇಲೆ ಬಿತ್ತು. ಒರೆಸಿಕೊಳ್ಳುತ್ತ, “ಎಪ್ಪತ್ತೊಂದು ಪೌಂಡ್,” ಎಂದರು.

“ಎಪ್ಪತ್ತು,” ಎಂದರು ಅಪ್ಪ, ಮಗಳ ಮಾನ ಹೋದದ್ದನ್ನು ಮರೆತು. “ಐದು ಹದಿನಾಲ್ಕಲೆ ಎಪ್ಪತ್ತು.”

“ಪಾಯಿಂಟ್ ಎರಡು ಎಲ್ಲಿ ಹೋತು?”

“ಅದು ಮುಳ್ಳಿನ ದಪ್ಪದಾಗ ಹೋಗ್ತದರಿ.”

“ನಮ್ಮಲ್ಲಿ ಮುಳ್ಳು ತೆಳ್ಳಗ ಇರ್ತದ. ಎಪ್ಪತ್ತೊಂದು, ಬೀಗರ, ಎಪ್ಪತ್ತೊಂದು!”

ಬೀಗರು ಎಂದುಬಿಟ್ಟಿದ್ದರು. ಇನ್ನೂ ಯಾರೂ ಹುಡುಗಿ ಒಪ್ಪಿಗೆ ಎಂದಿರಲಿಲ್ಲ, ಹುಡುಗ ಬಾಯಿ ತೆರೆದಿರಲಿಲ್ಲ, ಆದರೆ ಜಗಳದ ಭರದಲ್ಲಿ ಮಾವನವರ ಬಾಯಿಂದ ಆ ಮಾತು ಬಂದುಹೋಗಿತ್ತು. ಅವ್ವ ಒಳಗಿನಿಂದ ಸಕ್ಕರೆ ತಂದು ಎಲ್ಲರ ಕೈಗೆ ಹಾಕಿದಳು. ನನ್ನ ಮದುವೆ ನಿಶ್ಚಯವಾದದ್ದು ಹೀಗೆ. ದೇವರನಾಮ ಇವತ್ತಿಗೂ ಯಾರೂ ಕೇಳಿಲ್ಲ.

ಅಲ್ಲಿಂದ ಮುಂದೆ ಇಬ್ಬರೂ ಸೇರಿದಲ್ಲೆಲ್ಲ ಇದೇ. ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, “ಏನ್ರಿ ಬೀಗರ, ಪಾಯಿಂಟ್ ಎರಡು ಸಿಕ್ಕಿತೇನು?” ಎನ್ನುವರು. “ನೀವು ಕಳದೀರಿ, ನೀವೇ ಹುಡುಕ್ರಿ,” ಎಂದು ಒಳಗಿನಿಂದ ಉತ್ತರ ಬರುವುದು. ಏಕಾದಶಿಯ ದಿನ ಇಬ್ಬರೂ ಉಪವಾಸ ಇದ್ದಾಗ ದನಿ ಸ್ವಲ್ಪ ತಗ್ಗುತ್ತಿತ್ತು, ದ್ವಾದಶಿಯ ಪಾರಣೆ ಆದದ್ದೇ ಮತ್ತೆ ಏರುತ್ತಿತ್ತು. ನಮ್ಮ ಅತ್ತೆ ಒಮ್ಮೆ ಬೇಸತ್ತು, “ಇಬ್ರೂ ಕೂಡಿ ಆ ಗಾಳೀನ ಒಂದು ಡಬ್ಬ್ಯಾಗ ಹಾಕಿ ಮುಚ್ಚಿ ಇಡ್ರಿ,” ಎಂದಿದ್ದರು. ಆ ಡಬ್ಬಿಯಲ್ಲಿ ಒತ್ತಡ ಎಷ್ಟಾಗುತ್ತದೆ ಎಂಬುದರ ಮೇಲೆ ಅವತ್ತಿನ ಮಧ್ಯಾಹ್ನ ಕಳೆಯಿತು.

ನಿವೃತ್ತಿಯಾದ ಮೇಲೆ ಮಾವನವರು ವಾಡಿ ಬಿಟ್ಟು ಸೇಡಂಗೆ ನಮ್ಮ ಜೊತೆ ಬಂದರು. ಅಪ್ಪ ಶಹಾಬಾದದಲ್ಲೇ ಉಳಿದು ಒಂದು ಸಣ್ಣ ಬಿಳಿ ಕಾರು ಕೊಂಡರು. ನಮ್ಮ ಕಡೆ ಸಿಮೆಂಟಿನ ಧೂಳಿಗೆ ಎಲ್ಲ ಬಣ್ಣವೂ ಕೊನೆಗೆ ಬಿಳಿಯೇ ಆಗುವುದರಿಂದ ಅದೊಂದು ದೂರಾಲೋಚನೆ. ಕೊಂಡದ್ದು ಅವರು, ನಡೆಸಲು ಕಲಿತದ್ದು ನಾನು; ಶಹಾಬಾದದಿಂದ ಅಣ್ಣ ಅವರನ್ನೂ ಕಾರನ್ನೂ ಸೇಡಂಗೆ ತಂದು ಬಿಟ್ಟು ಹೋಗುತ್ತಿದ್ದ. ನನ್ನ ಯಜಮಾನರಿಗೆ ಕಾರು ಎಂದರೆ ಮಲಗುವ ಜಾಗ, ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿದರೆ ಊರು ಬಂದ ಮೇಲೇ ಕಣ್ಣು ಬಿಡುವುದು. ಹೀಗಾಗಿ ಎಲ್ಲಿಗೆ ಹೋದರೂ ನಾನೇ ಸಾರಥಿ, ಪಕ್ಕದಲ್ಲಿ ಅಪ್ಪ. “ಕ್ಲಚ್ ಬಿಡು, ಬಾಳಾ,” “ಲಾರಿ ಬರ್ಲಿಕತ್ತದ, ಬಾಳಾ” ಎಂದು ಅವರು ಗಾಳಿಯಲ್ಲಿ ಕಾಲಿನಿಂದ ಬ್ರೇಕು ಒತ್ತುತ್ತ ಕೂಡುತ್ತಿದ್ದರು.

ಆ ಕಾರಿನ ಬಾಗಿಲ ಒಳಗೆ ಕಂಪನಿಯವರೇ ಟೈರಿನ ಗಾಳಿ ಎಷ್ಟಿರಬೇಕು ಎಂದು ಅಂಟಿಸಿದ್ದಾರೆ: ಎರಡು ಕಿಲೋ, ಪಕ್ಕದಲ್ಲಿ ಇಪ್ಪತ್ತೆಂಟು ಪೌಂಡ್. ಅಪ್ಪನಿಗೆ ಆದ ಆನಂದ ಹೇಳತೀರದು. “ನೋಡ್ರಿ ಬೀಗರ! ಎರಡು ಹದಿನಾಲ್ಕಲೆ ಇಪ್ಪತ್ತೆಂಟು. ಗಾಡಿ ಮಾಡಿದವರೂ ನನ್ನಂಗೇ ಲೆಕ್ಕಾ ಮಾಡ್ಯಾರ.” ಮಾವನವರು ಕನ್ನಡಕ ಏರಿಸಿ ನೋಡಿ, “ಕಂಪನಿಯವ್ರೂ ಪಾಯಿಂಟ್ ನಾಲ್ಕು ನುಂಗ್ಯಾರ. ಎಲ್ಲಾರೂ ಕೂಡೇ ನುಂಗ್ಲಿಕತ್ತೀರಿ,” ಎಂದರು.

ಯೋಚಿಸಿ ನೋಡಿ, ಇಬ್ಬರಿಗೂ ಬೇಕಾದದ್ದು ಅದೇ ಗಾಳಿ. ಒಬ್ಬರು ಎರಡು ಕಿಲೋ ಎಂದು ತುಂಬಿಸಿದರೆ ಪೌಂಡಿನಲ್ಲಿ ಇಪ್ಪತ್ತೆಂಟು ಪಾಯಿಂಟ್ ನಾಲ್ಕು. ಇನ್ನೊಬ್ಬರು ಇಪ್ಪತ್ತೆಂಟು ಎಂದು ತುಂಬಿಸಿದರೆ ಇಪ್ಪತ್ತೆಂಟೇ. ನಡುವೆ ಉಳಿದ ಪಾಯಿಂಟ್ ನಾಲ್ಕು ಪೌಂಡ್ ಗಾಳಿ ಟೈರಿಗೂ ಗೊತ್ತಾಗುವುದಿಲ್ಲ, ರಸ್ತೆಗೂ ಗೊತ್ತಾಗುವುದಿಲ್ಲ. ಬಿಸಿಲೇರಿದರೆ ತಾನೇ ಅದಕ್ಕಿಂತ ಹೆಚ್ಚು ಉಬ್ಬುತ್ತದೆ. ಇದನ್ನು ನಾನು ಇಬ್ಬರಿಗೂ ವಿವರಿಸಿ ಹೇಳಿದ್ದೇನೆ. ಸಕ್ಕರೆಯ ಲೆಕ್ಕ ಹೇಳಿದವಳ ಮಾತನ್ನು ಇಬ್ಬರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಸಂಧಾನ ಮಾಡಿದವರು ಸೇಡಂನ ಚಿಂಚೋಳಿ ರಸ್ತೆಯಲ್ಲಿ ಟೈರಿನ ಅಂಗಡಿ ಇಟ್ಟಿರುವ ಮೆಹಬೂಬ್ ಭಾಯ್. ಕೊಡ್ಲಿಯಲ್ಲಿರುವ ನನ್ನ ನಾದಿನಿಯ ಮಗನ ಮುಂಜಿಗೆ ಎಲ್ಲರೂ ಹೊರಟಿದ್ದೆವು. ಗಾಳಿ ಹಾಕಿಸಲು ನಿಂತರೆ ಅಪ್ಪ ಕಾರಿನ ಈ ಕಡೆಯಿಂದ ಇಳಿದು “ಇಪ್ಪತ್ತೆಂಟು ಪೌಂಡ್” ಎಂದರು, ಮಾವನವರು ಆ ಕಡೆಯಿಂದ ಇಳಿದು “ಎರಡು ಕಿಲೋ” ಎಂದರು. ಮೆಹಬೂಬ್ ಭಾಯ್ ಪೈಪು ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡಿದರು. ಮುಹೂರ್ತ ಮೀರುವಷ್ಟು ಹೊತ್ತು ಚರ್ಚೆ ನಡೆಯಿತು. ಕೊನೆಗೆ ಅವರು ತಮ್ಮ ಗುಂಡು ಗೇಜನ್ನು ಎತ್ತಿ ತೋರಿಸಿದರು. ಅದರಲ್ಲಿ ಹೊರಗಿನ ಸುತ್ತಿನಲ್ಲಿ ಪೌಂಡ್, ಒಳಗಿನ ಸುತ್ತಿನಲ್ಲಿ ಕಿಲೋ.

“ಸಾಬ್, ಒಂದು ಕೆಲಸ ಮಾಡ್ತೀನಿ. ಮುಂದಿನ ಎರಡು ಗಾಲಿ ಇವರ ಲೆಕ್ಕ, ಹಿಂದಿನ ಎರಡು ಅವರ ಲೆಕ್ಕ. ಯಾರ್ಯಾರ ಗಾಲಿ ಮ್ಯಾಲ ಅವರವರು ಕುಂದರ್ರಿ. ಝಗಡಾ ಖತಂ.”

ಹಾಗೇ ಆಯಿತು. ಅಪ್ಪ ಮುಂದೆ, ತಮ್ಮ ಪೌಂಡಿನ ಗಾಲಿಗಳ ಮೇಲೆ. ಮಾವನವರು ಹಿಂದೆ, ತಮ್ಮ ಕಿಲೋದ ಗಾಲಿಗಳ ಮೇಲೆ. ತೊಗರಿ ಹೊಲಗಳ ನಡುವೆ ಕಾರು ಗುಂಡಿಗೆ ಬಿದ್ದು ಎದ್ದಾಗಲೆಲ್ಲ ಹಿಂದಿನಿಂದ, “ಹಿಂದಿನವು ಹೆಂಗ ಎತ್ತಿ ಹಿಡದಾವ ನೋಡ್ರಿ,” ಎಂದು ದನಿ ಬರುವುದು. ಮುಂದಿನಿಂದ, “ಮೊದಲು ಗುಂಡಿಗೆ ಇಳಿಯೂವು ನಮ್ಮವು, ಹಿಂದ ಕುಂತವ್ರಿಗೇನು ಗೊತ್ತು,” ಎಂದು ಉತ್ತರ. ಅಂದಿನಿಂದ ನಮ್ಮ ಕಾರಿಗೆ ಅದೇ ಪದ್ಧತಿ. ಅಪ್ಪ ಆಮೇಲೆ ಈ ಪೆನ್ನಿನಂಥ ಗೇಜು ಕೊಂಡದ್ದು ತಮ್ಮ ಪಾಲಿನ ಎರಡು ಗಾಲಿ ನೋಡಿಕೊಳ್ಳುವುದಕ್ಕೆಂದೇ. ಅದರಲ್ಲಿ ಪೌಂಡು ಮಾತ್ರ ಇದೆ. ಮಾವನವರು ಅದನ್ನು ‘ಬೀಗರ ಪೆನ್ನು’ ಎನ್ನುತ್ತಿದ್ದರೇ ಹೊರತು ಒಂದು ದಿನವೂ ಕೈಯಿಂದ ಮುಟ್ಟಲಿಲ್ಲ.

ನನ್ನದೂ ಒಂದು ಲೆಕ್ಕವಿದೆ ಎಂದು ನಾನು ಒಮ್ಮೆ ತೋರಿಸಲು ಹೋಗಿದ್ದೆ. ನಾನು ಶಾಲೆಯಲ್ಲಿ ಕಲಿಸುವುದು ಪೌಂಡೂ ಅಲ್ಲ, ಕಿಲೋವೂ ಅಲ್ಲ, ಪಾಸ್ಕಲ್. ಜಗತ್ತೆಲ್ಲ ಒಪ್ಪಿದ ಮಾನ ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ. ಮುದುಕರಿಬ್ಬರೂ ಇಲ್ಲದ ದಿನ ನೋಡಿ ಮೆಹಬೂಬ್ ಭಾಯ್‌ಗೆ, “ಎರಡು ಲಕ್ಷ ಪಾಸ್ಕಲ್ ಹಾಕ್ರಿ,” ಎಂದೆ. ಅವರು ತಮ್ಮ ಗಾಳಿಯ ಟ್ಯಾಂಕನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, “ಟೀಚರಮ್ಮ, ಅಷ್ಟು ಗಾಳಿ ಸೇಡಂನಾಗೇ ಇಲ್ರಿ,” ಎಂದರು. ನಾನು ಬಾಯಿ ಮುಚ್ಚಿಕೊಂಡು ಮುಂದೆ ಪೌಂಡ್, ಹಿಂದೆ ಕಿಲೋ ಹಾಕಿಸಿಕೊಂಡು ಬಂದೆ.

ಇಬ್ಬರೂ ಒಂದೇ ಪಕ್ಷವಾದದ್ದು ನನಗೆ ನೆನಪಿರುವಂತೆ ಒಂದೇ ಸಲ. ಮಾವನವರಿಗೆ ತಲೆ ಸುತ್ತು ಬಂತೆಂದು ಡಾಕ್ಟರ ಹತ್ತಿರ ಕರೆದೊಯ್ದಿದ್ದೆ, ಸೇಡಂಗೆ ಬಂದಿದ್ದ ಅಪ್ಪನೂ ಜೊತೆಗೆ ಬಂದರು. ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ, ಬಿಪಿ ನೂರಾ ಐವತ್ತು ಇದೆ, ಉಪ್ಪು ಬಿಡಿ, ಉಪ್ಪಿನಕಾಯಿ ಬಿಡಿ ಎಂದರು. ಮಾವನವರು ಬೆರಳ ಗೆಣ್ಣು ಎಣಿಸತೊಡಗಿದರು. ಅದು ಪಾದರಸದ ಮಿಲಿಮೀಟರು. ಹಳೆಯ ರೈಲುಗಳ ಬ್ರೇಕಿನಲ್ಲಿ ಪಾದರಸದ ಲೆಕ್ಕವೇ ಇದ್ದದ್ದರಿಂದ ಅವರಿಗೆ ಕರಗತ.

“ಪಾಯಿಂಟ್ ಎರಡು ಕಿಲೋ,” ಎಂದರು, ನಂಬಲಾರದೆ. “ಬರೇ ಪಾಯಿಂಟ್ ಎರಡು! ಇಷ್ಟಕ್ಕ ನನ್ನ ಉಪ್ಪಿನಕಾಯಿ ಬಿಡಸ್ತೀರೇನು?”

ಅಪ್ಪ ಕೂಡಲೇ, “ಮೂರು ಪೌಂಡ್ ಸುದ್ದಾ ಇಲ್ರಿ ಡಾಕ್ಟರ. ಮುಳ್ಳಿನ ದಪ್ಪ!” ಎಂದರು.

ಬೀಗರಿಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತು ವೈದ್ಯಶಾಸ್ತ್ರವನ್ನು ನೋಡಿ ನಕ್ಕರು. ಅಂಥ ಪಾಯಿಂಟ್ ಎರಡನ್ನು ಮಾವನವರು ತಾವಾಗಿಯೇ ಸಣ್ಣದು ಎಂದದ್ದು ಅದೊಂದೇ ಬಾರಿ. ಉಪ್ಪಿನಕಾಯಿಯ ಭರಣಿಯನ್ನು ಅತ್ತೆ ಅವತ್ತೇ ಮೇಲಿನ ಗೂಡಿಗೆ ಏರಿಸಿದರು ಎನ್ನುವುದು ಬೇರೆ ಮಾತು.

ಆಮೇಲೆ ಅಪ್ಪ ಹೋದರು. ಹೆಚ್ಚು ನರಳಲಿಲ್ಲ. ಹಿಂದಿನ ದಿನ ಫೋನಿನಲ್ಲಿ ಕೂಡ ಬೀಗರಿಗೆ ಕೊಡು ಎಂದು ಜಗಳ ಮಾಡಿದ್ದರು.

ವೈಕುಂಠ ಸಮಾರಾಧನೆಯ ದಿನ ಶಹಾಬಾದದ ಮನೆ ತುಂಬಿತ್ತು. ಅಪ್ಪನ ಜೊತೆ ಕೆಲಸ ಮಾಡಿದವರು, ಓಣಿಯವರು, ನೆಂಟರು, ಪ್ರತಿಯೊಬ್ಬರೂ ನನ್ನ ಕೈಹಿಡಿದು ಅಪ್ಪನ ಬಗ್ಗೆ ಏನಾದರೊಂದು ಹೇಳಿದರು. ನಾನು ಕಾಯುತ್ತಿದ್ದದ್ದು ಒಬ್ಬರಿಗಾಗಿ. ಮಾವನವರು ಪಂಕ್ತಿಯಲ್ಲಿ ಕೂತರು, ಎದ್ದರು, ಕೈತೊಳೆದರು, ಒಂದು ಮಾತಾಡಲಿಲ್ಲ. ಸಂಜೆ ಬೇವಿನ ಮರದ ಕೆಳಗೆ ನಿಂತಿದ್ದ ಅಪ್ಪನ ಕಾರಿನ ಹತ್ತಿರ ಹೋಗಿ ಬಹಳ ಹೊತ್ತು ನಿಂತರು. ನಾನು ಹಿಂದೆಯೇ ಹೋದೆ. ಈಗ ಹೇಳುತ್ತಾರೆ ಅಂದುಕೊಂಡೆ. ಅವರು ಬಗ್ಗಿ ನೋಡಿ, “ಸುಧಾ, ಟೈರ್ ಕುಂತಾವ ನೋಡು. ಗಾಳಿ ಹಾಕ್ಸು,” ಎಂದು ಒಳಗೆ ಹೋದರು.

ನನಗೆ ನೋವಾಯಿತು. ಸುಳ್ಳು ಯಾಕೆ ಹೇಳಲಿ, ಸಿಟ್ಟೂ ಬಂತು. ಅಷ್ಟು ವರ್ಷ ಅಪ್ಪನ ಜೊತೆ ಮಾತಿಗೆ ಮಾತು ಬೆಳೆಸಿದವರಿಗೆ ಅಪ್ಪನ ಬಗ್ಗೆ ಒಂದು ಒಳ್ಳೆಯ ಮಾತು ಸಿಗಲಿಲ್ಲವೇ? ಬೀಗರು ಒಳ್ಳೆಯವರಿದ್ದರು, ಅಷ್ಟೇ ಸಾಕಾಗಿತ್ತು. ಊರೆಲ್ಲ ಹೇಳಿದ್ದು ಒಂದು, ಅವರು ಹೇಳುವುದು ಒಂದು. ಆ ಒಂದು ಮಾತು ನನಗೆ ಬೇಕಾಗಿತ್ತು.

ಅಣ್ಣನಿಗೆ ಬೇರೆ ಕಾರು ಇದ್ದದ್ದರಿಂದ, ಅವ್ವ ಅಪ್ಪನ ಕಾರಿನ ಕೀಲಿಯನ್ನು ನನ್ನ ಕೈಗಿಟ್ಟಳು. ಅದನ್ನು ಸೇಡಂಗೆ ತಂದೆ. ಅದರಲ್ಲೇ ಚಿತ್ತಾಪುರದ ಶಾಲೆಗೆ ಹೋಗಿ ಬರುತ್ತೇನೆ. ಮಾವನವರು ಎಲ್ಲಿಗಾದರೂ ಬಂದರೆ ಹಿಂದೆಯೇ ಕೂಡುತ್ತಿದ್ದರು. ಮುಂದೆ ಬರ್ರಿ ಎಂದರೆ, “ಇಲ್ಲೇ ಆರಾಮದೀನಿ,” ಎನ್ನುತ್ತಿದ್ದರು. ಪಕ್ಕದ ಸೀಟಿನಲ್ಲಿ ನನ್ನ ಚೀಲ ಕೂಡುತ್ತಿತ್ತು. ಮೆಹಬೂಬ್ ಭಾಯ್ ಅಂಗಡಿಯ ಮುಂದೆ ನಿಂತಾಗ ಮಾವನವರು ಕೆಳಗೆ ಇಳಿಯುವುದನ್ನೂ ಬಿಟ್ಟರು. ನಾನೊಬ್ಬಳೇ ಇಳಿದು ಮುಂದೆ ಪೌಂಡ್, ಹಿಂದೆ ಕಿಲೋ ಎಂದು ಹೇಳುವುದು, ಅವರು ಕಿಟಕಿಯ ಆಚೆ ನೋಡುತ್ತ ಕೂಡುವುದು. ಮನೆಯಲ್ಲಿ ಪಾಯಿಂಟ್ ಎರಡರ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ನಾನು ಗೇಜಿನಿಂದ ಹಾಜರಿ ಹಾಕಲು ಹೋದೆನಲ್ಲ, ಅದರ ಮುಂದಿನ ಭಾನುವಾರ ಮತ್ತೆ ಕೊಡ್ಲಿಗೆ ಹೊರಟೆವು. ಅಂದು ಮುಂಜಿಯಾಗಿದ್ದ ಹುಡುಗನಿಗೆ ಈಗ ಮದುವೆ ನಿಶ್ಚಯ. ಅತ್ತೆಯೂ ಯಜಮಾನರೂ ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿದ್ದರು. ಕಾರಿನಲ್ಲಿ ನಾನು, ಮಾವನವರು ಇಬ್ಬರೇ. ಮೆಹಬೂಬ್ ಭಾಯ್ ಅಂಗಡಿಯಲ್ಲಿ ಹೊಸ ಯಂತ್ರ ಬಂದಿತ್ತು. ಗೋಡೆಗೆ ತೂಗು ಹಾಕಿದ ಪೆಟ್ಟಿಗೆ, ಎಷ್ಟು ಬೇಕೋ ಅಂಕಿ ಒತ್ತಿದರೆ ತಾನೇ ತುಂಬಿ, ಮುಗಿದ ಮೇಲೆ ಕೂಗುತ್ತದೆ. ಅವರು ಹೆಮ್ಮೆಯಿಂದ ಅದರ ಗುಂಡಿಗಳನ್ನೆಲ್ಲ ನನಗೆ ತೋರಿಸಿದರು.

“ಗೋಲ್ ಗೇಜ್ ತಗದಿಟ್ಟೀನ್ರಿ. ಇದರಾಗ ಒಂದು ಸಲಕ್ಕ ಒಂದೇ ಲೆಕ್ಕ ಇಡಬೇಕು. ನಾಕೂ ಕಿಲೋದಾಗೇ ಹಾಕಿಬಿಡ್ಲೇನು ಟೀಚರಮ್ಮ? ಹೆಂಗೂ ದೊಡ್ಡ ಸಾಬ್ ಈಗ ಇಲ್ಲ.”

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೂ ನಾನು ಮುಂದಿನ ಗಾಲಿಯ ಕಡೆ ನೋಡಿದೆ. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಮಾವನವರು ಧೋತ್ರ ಸರಿಮಾಡಿಕೊಳ್ಳುತ್ತ ಇಳಿದು ಬಂದರು.

“ಮುಂದಿನವು ಬೀಗರವು,” ಎಂದರು. “ಪೌಂಡಿನಾಗ ಹಾಕು.”

ಮೆಹಬೂಬ್ ಭಾಯ್ ಗುಂಡಿ ಒತ್ತಿದರು. ಮುಂದಿನ ಗಾಲಿಗಳು ಇಪ್ಪತ್ತೆಂಟಕ್ಕೆ ಬಂದು ಯಂತ್ರ ಕೂಗಿತು. ಆಮೇಲೆ ಕಿಲೋಕ್ಕೆ ಬದಲಿಸಿದರು, ಹಿಂದಿನವು ಎರಡಕ್ಕೆ ಬಂದವು, ಮತ್ತೆ ಕೂಗಿತು. ನಾನು ಕಾರು ಹತ್ತಬೇಕೆಂದು ತಿರುಗಿದೆ. ಮಾವನವರು ಅಲ್ಲೇ ನಿಂತಿದ್ದರು.

“ಬೀಗರ ಪೆನ್ನು ಅದ ಏನು ನಿನ್ನ ಹತ್ರ?”

ಚೀಲದಿಂದ ತೆಗೆದುಕೊಟ್ಟೆ. ಜೀವನವಿಡೀ ಗೇಜು ನೋಡಿದವರಿಗೆ ಆ ಪುಟ್ಟ ಕಡ್ಡಿಯನ್ನು ಹೇಗೆ ಒತ್ತಬೇಕೆಂದು ತಿಳಿಯಲಿಲ್ಲ, ಮೊದಲ ಸಲ ಓರೆಯಾಗಿ ಹಿಡಿದು ಗಾಳಿ ಮುಖಕ್ಕೆ ಹೊಡೆಯಿತು. ಎರಡನೆಯ ಸಲ ಸರಿಯಾಯಿತು. ಮುಂದಿನ ಎರಡೂ ಇಪ್ಪತ್ತೆಂಟು. ಮಂಡಿಯ ಮೇಲೆ ಕೈಯೂರಿ ಹಿಂದಿನ ಗಾಲಿಗೆ ಬಗ್ಗಿದರು. ಕಡ್ಡಿಯನ್ನು ಬೆಳಕಿಗೆ ಹಿಡಿದು ಕನ್ನಡಕ ಏರಿಸಿ ನೋಡಿ, “ಬಾ ಇಲ್ಲಿ. ಗೆರೀ ದಾಟೇದ,” ಎಂದರು.

ದಾಟಿತ್ತು. ಇಪ್ಪತ್ತೆಂಟರ ಗೆರೆಯ ಆಚೆಗೆ ಒಂದು ಕೂದಲೆಳೆ. ಅವರು ವರ್ಷಾನುವರ್ಷ ಇದೆ, ಇದೆ ಎಂದು ವಾದಿಸಿದ ಪಾಯಿಂಟ್ ನಾಲ್ಕು ಅಪ್ಪನದೇ ಗೇಜಿನ ಮೇಲೆ ಕಾಣುತ್ತಿತ್ತು. ಇನ್ನೇನು, ನಾನು ಅವತ್ತೇ ಹೇಳಿರಲಿಲ್ಲವೇ ಎನ್ನುತ್ತಾರೆ ಎಂದುಕೊಂಡೆ. ಅವರು ಹೆಬ್ಬೆರಳಿನ ಉಗುರಿನಿಂದ ವಾಲ್ವಿನ ನಡುವಿನ ಮೊಳೆಯನ್ನು ಮೆಲ್ಲಗೆ ಒತ್ತಿದರು. ಸುಸ್ ಎಂದು ಒಂದಿಷ್ಟು ಗಾಳಿ ಹೊರಗೆ ಬಂತು. ಅಳೆದು ನೋಡಿದರು. ಇನ್ನೊಂದು ಗಾಲಿಗೂ ಹಾಗೇ ಮಾಡಿದರು.

“ಆತು. ನಾಕೂ ಇಪ್ಪತ್ತೆಂಟು.”

“ಮಾವನೋರ, ಪಾಯಿಂಟ್ ನಾಲ್ಕು?” ಎಂದೆ.

ಅವರು ಸೊಂಟದ ಮೇಲೆ ಕೈಯಿಟ್ಟು ನಿಧಾನಕ್ಕೆ ನೆಟ್ಟಗಾದರು. “ಬೀಗರು ಇದ್ದಾಗ ಬಿಡಬೇಕಾಗಿತ್ತು. ಭಾಳ ಖುಷಿ ಆಗ್ತಿದ್ರು.”

“ಇಲ್ರಿ, ಜಗಳ ಮುಗೀತಲ್ಲ ಅಂತ ಬ್ಯಾಸರ ಮಾಡ್ಕೋತಿದ್ರು.”

“ಅದೂ ಖರೆ,” ಎಂದು ಅವರು ನಕ್ಕರು, ಅವತ್ತು ಚಹಾ ಚೆಲ್ಲಿಕೊಂಡಾಗ ನಕ್ಕ ಹಾಗೆಯೇ. ನಗು ನಿಂತ ಮೇಲೆ ಚಿಂಚೋಳಿ ರಸ್ತೆಯ ಕಡೆ ನೋಡುತ್ತ, “ಅಂಥಾ ಮನಷ್ಯಾ ನನಗ ಇನ್ನ ಸಿಗೂದಿಲ್ಲವಾ,” ಎಂದರು.

ಮಾವನವರು ಬೀಗರ ಪೆನ್ನನ್ನು ತಮ್ಮ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡರು. ಕಾರಿನ ಮುಂದಿನ ಬಾಗಿಲು ತೆರೆದು, ಸೀಟಿನ ಮೇಲಿದ್ದ ನನ್ನ ಚೀಲವನ್ನು ಎತ್ತಿ ಹಿಂದಕ್ಕಿಟ್ಟು, ಅಲ್ಲಿ ಕುಳಿತರು.